ಹೂವು ಬರಲಿಲ್ಲ

ಹದಿನೇಳು ವರ್ಷ ಮಿಣುಕಿದ ಹಸಿರು ಡಾಂಗಲ್
ಮಂಗಳವಾರ ಮುಂಜಾನೆ ಮಿಣುಕಲಿಲ್ಲ.
ಕಿತ್ತು ಊದಿದೆ, ಅಂಗಿಗೆ ತಿಕ್ಕಿದೆ,
ಇನ್ನೊಂದು ತೂತಿಗೆ ಹಾಕಿದೆ.
ಪರದೆ ಅದನ್ನ ಕೇಳ್ತು: ಕೀಲಿ ಎಲ್ಲಿ?
ಕೀಲಿ ಮಾರಿದವನಿಗೆ ಫೋನ್ ಹಚ್ಚಿದೆ.
ಈಗ ಅಂವ ಸೋಲಾರ್ ಹೀಟರ್ ಮಾರತಾನಂತ.
'ಇನ್ನೂ ಅದರಾಗ ಮಾಡತೀರೇನ್ರಿ?' ಅಂದ,
ಸತ್ತವರ ಹೆಸರಿನ ಮನಿಆರ್ಡರ್ ಹಿಡಕೊಂಡು
ಹೊಸ್ತಿಲದಾಗ ನಿಂತ ಅಂಚೆಯವನ ದನಿಯಾಗ.

ಗೌಸಿಯಾ ಹೊಸದನ್ನ ಇಳಿಸಿದಳು.
ರಾತ್ರಿಯೆಲ್ಲ ಇಳೀತು. ಇಳಕಲ್ಲಿನ ಕರೆಂಟು
ಎರಡು ಸಲ ಹೋಗಿ ಬಂತು.
ಬೆಳಕು ಹರಿಯೂದರಾಗ ಕರೇ ಪರದೆ, ಬೂದಿಬಣ್ಣದ ಗುಂಡಿ.
ನನ್ನ ಅಂಗಡ್ಯಾಗ ನಾನ
ಬೀಗರ ಮನಿಗೆ ಬಂದವನಂಗ
ಎಲ್ಲಿ ಕೂಡಲಿ ಅಂತ ನಿಂತೆ.

'ಕತ್ತರಿ ಎಲ್ಲೈತವಾ?'
'ಇದರಾಗ ಕತ್ತರಿ ಇಲ್ರಿ ಸರ್, ಬ್ಲೇಡ್. ಬಿ ಒತ್ರಿ.'
ತಲಿ ಬಿ ಅಂತು, ಬೆರಳು ಎಂ ಒತ್ತಿತು.
ಎಂ ಮ್ಯಾಲಿನ ಅಕ್ಷರ ಅಳಿಸಿ ಎಷ್ಟೋ ವರ್ಷ ಆತು,
ಅಲ್ಲೊಂದು ತಗ್ಗು ಬಿದ್ದೈತಿ, ನನ್ನ ಬೆರಳಿನಷ್ಟ.
ಅಕ್ಕಿಕಾಳು ಬೀಳೂದು, ಎಂ. ತಾಳಿ, ಎಂ.
ಊಟದ ಸಾಲಿನ್ಯಾಗ ಕ್ಯಾಮೆರಾ ಕಂಡು
ಬಾಯಿ ಮುಚ್ಚಿಕೊಂಡವರು, ಎಂ ಎಂ.
ಈ ಹೊಸದಕ್ಕ ಎಂ ಅಂದ್ರ ಕತ್ತರಿಸೂದಲ್ಲ,
ಬರೇ ಒಂದು ನೀಲಿ ಚುಕ್ಕಿ ಇಡೂದು.

ಹಿತ್ತಲ ಗ್ವಾಡಿ ಆಚೆ ಮಗ್ಗದ ಯಮನಪ್ಪ ಅಂದ:
'ಮಗ್ಗ ಬದಲಿಸಿದ್ರ ಮೊದಲು ಕಾಲು ಅಳತಾವ,
ಕೈ ಆಮ್ಯಾಲ. ತಲಿಗೆ ಕಡೀಕ ಗೊತ್ತಾಕ್ಕೈತಿ.'
ಅಂವ ಸೀರಿ ಮೈಗೆ ಸೆರಗು ಕೂಡಿಸಾಕತ್ತಿದ್ದ,
ಕುಣಿಕಿಯೊಳಗ ಕುಣಿಕಿ, ಎಳಿಯೊಳಗ ಎಳಿ.
ನಾನು ಬಂದೀನಂತ ತಲಿ ಎತ್ತಲಿಲ್ಲ.

ಹುನಗುಂದದಿಂದ ಒಂದು ಡಾಂಗಲ್
ತಾಸಿನ ಮಟ್ಟಿಗೆ ಕಡಾ ತಂದು
ಹಳೇ ಮದುವಿಗೋಳ್ನ ದಾಟಿಸಿದಿವಿ.
ಹನ್ನೊಂದು ದಾಟಿದವು.
ಸಾವಿರದ ಮ್ಯಾಲಿನವು ಆ ದಂಡಿಗೇ ಉಳದವು.
ದಾಟಿದ್ದರಾಗೂ ಕಟ್ ಅಷ್ಟ ಬಂದವು.
ಹೂವು ಬರಲಿಲ್ಲ.
ಮುಗಿಲಿಂದ ಉದುರತಿದ್ದ ನನ್ನ ಗುಲಾಬಿ ಎಸಳು,
ಗಂಡು ಹೆಣ್ಣಿನ ಸುತ್ತ ತಿರುಗತಿದ್ದ ಹೃದಯ,
ಪುಟ ಮಗಚಿದಂಗ ಮಗಚತಿದ್ದ ಮಂಟಪ,
ಅತ್ತಿ ಮಾರಿಗೆ ತಪ್ಪದ ಹಾಕತಿದ್ದ ಬಂಗಾರದ ಚೌಕಟ್ಟು,
ಅವು ಇದ್ದಲ್ಲಿ ಏನೂ ಇಲ್ಲ.

ಹೂವಿನ ಕೆಳಗ ಏನ ಮುಚ್ಚಿದ್ದೆ ಅನ್ನೂದು ಮರತಿದ್ದೆ.
ಫೋಕಸ್ ತಪ್ಪಿದ ಆರತಿ.
ಸಿಟ್ಟಿಲೆ ಚಪ್ಪಲಿ ಹುಡುಕೂ ಸೋದರಮಾವ.
ಕರೆಂಟು ಹೋದಾಗ ಕತ್ತಲದಾಗ ಯಾರೋ ನಕ್ಕಿದ್ದು.
ಆಮ್ಯಾಲ ಪಲ್ಲೇದವರ ಹುಡುಗಿ,
ಎರಡು ಸಾವಿರದ ಹದಿಮೂರು,
ಹೆಸರು ಚೀಟಿಯೊಳಗಿತ್ತು, ಚೀಟಿ ಇಲ್ಲ.
ಅಂತರಪಟ ಸರಿಯೂಕಿಂತ ಮುಂಚೆ
ಬಾಗಿಲ ಕಡೆ ನೋಡತಾಳ.
ಮತ್ತೊಮ್ಮೆ ನೋಡತಾಳ.
ನಾಕು ಸೆಕೆಂಡು.
ಅದರ ಮ್ಯಾಲ ನಾನೊಂದು ಕೆಂಪು ಗುಲಾಬಿ ಅರಳಿಸಿದ್ದೆ.

'ಸರ್, ಯಾರ ಹಾದಿ ನೋಡಾಕತ್ತಾಳ್ರಿ?'
ಗೊತ್ತಿಲ್ಲವಾ, ಅಂದೆ.
ಆವತ್ತು ಗೊತ್ತಿತ್ತೇನ? ಇಲ್ಲ.
ಬಾಗಿಲ ಕಡೆ ನಾನು ಕ್ಯಾಮೆರಾ ತಿರುಗಿಸಲೇ ಇಲ್ಲ.
ಅವರಪ್ಪ ಕಣ್ಣಿಲೆ ಏನೋ ಹೇಳಿದ್ದ.
ಹೂವು ಹಾಕಿದೆ, ರೊಕ್ಕ ಎಣಿಸಿಕೊಂಡೆ.

ಗೌಸಿಯಾ ಹೊಸದರಾಗ ಹೂವು ಹುಡುಕಿದಳು. ಇಲ್ಲ.
ಬಣ್ಣ ತಿದ್ದೂ ಚಕ್ರ ಮಾತ್ರ ಬೇಕಾದಷ್ಟು ಅದಾವ.
ಒಂದು ಚಕ್ರ ಚೂರು ತಿರುವಿ
ಆ ಹುಡುಗಿ ಮಾರಿಗೆ ಸ್ವಲ್ಪ ಬೆಳಕು ಕೊಟ್ಟಳು,
ಯಾರೂ ಕೇಳದ ಕೆಲಸ, ಬಿಲ್ಲಿಲ್ಲ.

ಹಸಿರು ಡಾಂಗಲ್ ಈಗ
ಯಮನಪ್ಪನ ಮೊಮ್ಮಗ ಸೀಟಿ ಅಂತ ಊದತಾನ.
ಊದಿದ್ರ ಬರೇ ಗಾಳಿ.

ನಿನ್ನೆ ಅಮೀನಗಡದ ಮದುವಿ ಕೂಡಿಸಾಕ ಕುಂತೆ.
ಸಂಜಿಗೆ ನೋಡಿದ್ರ ಒಂದೂ ಕತ್ತರಿಸಿಲ್ಲ,
ಮೂರು ತಾಸಿನ ಮದುವಿ ಇದ್ದಂಗ ಐತಿ.
ಮ್ಯಾಲ ಉದ್ದಕ್ಕೂ ನೀಲಿ ಚುಕ್ಕಿ,
ಎಲ್ಲೆಲ್ಲಿ ನಾನು ಕತ್ತರಿಸ್ತಿದ್ದೆ, ಅಲ್ಲೆಲ್ಲ.
'ಅಳಸ್ಲೇನ್ರಿ?' ಅಂದಳು.
ತಡಿ, ಅಂದೆ.
ಮೊದಲ ಚಹಾ ಹೇಳು.