ಇಬ್ಬರು ಲಾಕ್ಲನ್‌ಗಳು

ಮಂಗಳವಾರ ರಾತ್ರಿ ತಂತ್ರಾಂಶ ತಾನೇ ಹೊಸದಾಯಿತು.
ಬೆಳಿಗ್ಗೆ ನೋಡಿದರೆ ಯೂಫೀಮಿಯಾಳ ವಂಶವೃಕ್ಷದಲ್ಲಿ
ಒಬ್ಬ ಲಾಕ್ಲನ್ ಕಡಿಮೆ.

ಅದೇ ಹೆಸರು, ಅದೇ ತಾಯ್ತಂದೆ,
ನಕಲೆಂದು ಬಗೆದು ಬೆಸೆದುಬಿಟ್ಟಿದೆ
ಹನ್ನೊಂದೇ ದಿನ ಬದುಕಿದ ಕೂಸನ್ನು,
ಮರುವರ್ಷ ಹುಟ್ಟಿ, ಅದರ ಹೆಸರನ್ನೇ ಹೊತ್ತು
ಗ್ಲೇಸ್ ಬೇ ಗಣಿಯಲ್ಲಿ ಕೆಮ್ಮಿ ಕೆಮ್ಮಿ
ಮುದುಕನಾದ ತಮ್ಮನಿಗೆ.

ಬಿಡಿಸುವ ಗುಂಡಿ ಮೊದಲು ಬಲಕ್ಕಿತ್ತು.
ಈಗಿಲ್ಲ. 'ಸಹಾಯ' ಒತ್ತಿದರೆ
ಗಿರಗಿರ ಸುತ್ತುವ ಚಕ್ರ.
ಟೊರಾಂಟೊದ ಯಾವನೋ ಕಾಣದ ದಾಯಾದಿ ಬರೆದಿದ್ದಾನೆ:
"ಅಂತೂ ಮರ ಚೊಕ್ಕವಾಯಿತು."

ಚೊಕ್ಕವಂತೆ!

ಪರದೆ ಮುಚ್ಚಿ
ಓಟ್ಸ್ ಡಬ್ಬಿಯ ಹಿಂದಿನ ನೋಟುಬುಕ್ಕು ಎಳೆದು
ಪೆನ್ಸಿಲಿನಲ್ಲಿ ಒತ್ತಿ ಬರೆದಳು:
ಲಾಕ್ಲನ್.
ಒಂದು ಸಾಲು ಬಿಟ್ಟು, ಕೆಳಗೆ,
ಲಾಕ್ಲನ್.

ನಡುವಿನ ಖಾಲಿ ಸಾಲಿನಲ್ಲಿ
ಅವರಮ್ಮನ ಆ ಒಂದು ವರ್ಷ.