ಉಸಿರು ಅಳೆಯುವ ಕಸುಬು

ಹಡಪ್ಸರಿನ ಸೇತುವೆ ಕೆಳಗೆ ನನ್ನ ಹಳೇ ವ್ಯಾನು.
ಒಳಗೊಂದು ಕಂಪ್ಯೂಟರು, ಹೊರಗೊಂದು ಕೊಳವೆ.
ಬಂದ ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತು
ಅದರ ಉಸಿರು ಅಳೆಯುವುದು ನನ್ನ ಕಸುಬು,
ಡಾಕ್ಟರನ ಹಾಗೆ. ಆದರೆ
ಯಾರೂ ನನಗೆ ನಾಲಗೆ ಚಾಚುವುದಿಲ್ಲ,
ನೋಟು ಚಾಚುತ್ತಾರೆ.

ಆ ಸೋಮವಾರ ಸಾಲಿನಲ್ಲಿ ದೂಳಪ್ಪ ಮಾಮಾ.
ಇಂಡಿಯಿಂದ ನನ್ನನ್ನು ಪುಣೆಗೆ ಕರೆತಂದವನು,
ಮೊದಲ ತಿಂಗಳ ಬಾಡಿಗೆ ಕೊಟ್ಟವನು,
ಆರು ಸೀಟಿನ ಡೀಸೆಲ್ ಗಾಡಿಗೆ
ಹನ್ನೊಂದು ಮಂದಿ ತುಂಬುವವನು.
"ಹಾಕಲೇ ನಿನ್ನ ಕೊಳವಿ" ಅಂದ, ನಗುತ್ತ.
ಆಕ್ಸಿಲರೇಟರ್ ಒತ್ತಿದ.

ಪರದೆಯ ಮೇಲೆ ಅಂಕಿ ಏರಿತು,
ಏರಿತು, ನಿಲ್ಲಲಿಲ್ಲ.
ಹಿಂದಿನ ಸ್ಕೂಟರಿನವಳು ದುಪಟ್ಟಾ ಮೂಗಿಗೆ ಒತ್ತಿಕೊಂಡಳು.
"ಮಾಮಾ, ಫೇಲು."
"ಮಷೀನಿಗೇನ್ ಗೊತ್ತಲೇ? ನೀ ಪಾಸ್ ಅನ್ನು."
ಅನ್ನಬಹುದಿತ್ತು. ಎಷ್ಟು ಸಲ ಅಂದಿಲ್ಲ,
ಐವತ್ತಕ್ಕೆ, ನೂರಕ್ಕೆ, ಒಮ್ಮೆ ಬರೀ ಒಂದು ಚಹಾಕ್ಕೆ!
ಅವತ್ತು ಬೆರಳು ಏಳಲಿಲ್ಲ.
ಶೌರ್ಯವಲ್ಲ ಅದು. ಹೊಸ ಹುಕುಂ ಬಂದಿತ್ತು,
ತಲೆಯ ಮೇಲೊಂದು ಕ್ಯಾಮೆರಾ ಕೂತಿತ್ತು.

ಮುಂದಿನ ತಿಂಗಳು, ಆ ಜಾತಿಯ ಗಾಡಿಗಳೆಲ್ಲ
ಶಹರದೊಳಗೆ ಕಾಲಿಡಕೂಡದೆಂದರು.
ಮಾಮಾ ನನ್ನ ಮಾತು ಬಿಟ್ಟ.
ಗಾಡಿಯನ್ನು ಇಂದಾಪುರದ ಯಾರಿಗೋ ಮಾರಿದ.
(ಅಲ್ಲಿಯೂ ಜನ ಮೂಗಿನಿಂದಲೇ ಉಸಿರಾಡುತ್ತಾರೆ.)
ಈಗ ಒಂದು ಗೋದಾಮಿನ ಬಾಗಿಲಲ್ಲಿ ಸ್ಟೂಲು ಹಾಕಿ ಕೂರುತ್ತಾನೆ.
ಅವನ ಎಡಗೈ ಇನ್ನೂ
ಇಲ್ಲದ ಗೇರನ್ನು ಹುಡುಕುತ್ತದಂತೆ.

ಗಾಳಿ?
ಕೇಳುತ್ತೀರಿ, ಹೇಳುತ್ತೇನೆ.
ಸಂಜೆ ನಲ್ಲಿಯ ಕೆಳಗೆ ಮೂಗು ತೊಳೆದರೆ
ಮೊದಲು ಕಾಡಿಗೆ ಬೀಳುತ್ತಿತ್ತು.
ಈಗ ಬೂದಿ.
ಚೌಕದ ಬೋರ್ಡಿನಲ್ಲಿ ಕೆಂಪು ಅಂಕಿ
ಒಮ್ಮೊಮ್ಮೆ ಹಳದಿಗೆ ಇಳಿಯುತ್ತದೆ,
ಮತ್ತೆ ನಾಚಿಕೆಯಿಲ್ಲದೆ ಏರುತ್ತದೆ.
ಹೊಸ ಕಾರುಗಳು, ಒಬ್ಬೊಬ್ಬರೇ ಕೂತ ಕಾರುಗಳು,
ನನ್ನ ಕೊಳವೆಗೆ ಎಲ್ಲವೂ ಪಾಸು.
ಹನ್ನೊಂದು ಮಂದಿಯ ಒಂದು ಹೊಗೆ ಹೋಗಿ
ಪಾಸಾದ ಹನ್ನೊಂದು ಹೊಗೆ.

ಆದರೂ ಮೊನ್ನೆ ನಸುಕಿನಲ್ಲಿ
ವ್ಯಾನಿನ ಬಾಗಿಲು ಸರಿಸುವಾಗ
ರಾಮಟೇಕಡಿಯ ಗುಡ್ಡ ಕಂಡಿತು,
ಮೇಲಿನ ಮರಗಳು ಒಂದೊಂದೂ ಬೇರೆ ಬೇರೆಯಾಗಿ.
ಇಷ್ಟು ವರ್ಷ ಅಲ್ಲೇ ಇತ್ತಂತೆ!
ಯಾರಿಗಾದರೂ ಹೇಳಬೇಕೆನಿಸಿತು.
ಮಾಮಾನಿಗೆ ಫೋನು ಮಾಡಿದೆ.
ಎತ್ತಿದ. ಮಾತಾಡಲಿಲ್ಲ.
ಆ ಕಡೆಯಿಂದ ಅವನ ಉಸಿರು,
ಒಳಗೆ, ಹೊರಗೆ, ನಡುವೆ ಸ್ವಲ್ಪ ಗೊರಗೊರ.

ಅಳೆಯದೆ ಕೇಳಿಸಿಕೊಂಡೆ.