ಋಣದ ತುದಿ

ತಿಕೋಟಾದ ನಮ್ಮ ಹೈಸ್ಕೂಲಿಗೆ ಲ್ಯಾಬೆಂದರೆ ಒಂದು ಕಪಾಟು.
ಕೀಲಿ ಹೆಡ್‌ಮಾಸ್ತರರ ಕಿಸೆಯಲ್ಲಿ,
ಹೆಡ್‌ಮಾಸ್ತರರು ವಿಜಾಪುರದ ಮೀಟಿಂಗಿನಲ್ಲಿ.
ಕನಮಡಿ ಸರ್ ಗೋಡೆಗೆ ಬೆನ್ನು ಹಚ್ಚಿ ನಿಂತವರು
ನನ್ನ ಕೈ ನೋಡಿದರು. ಉಗುರಿನ ಸಂದಿಯಲ್ಲಿ ನೀಲಿ.
"ಬೌರವ್ವಾ, ನಿಮ್ಮ ದ್ರಾಕ್ಷಿ ತ್ವಾಟಕ್ಕ ಮೈಲುತುತ್ತ ಹೊಡದೀರೇನು?"
"ತ್ವಾಟ ನಮ್ಮದಲ್ರಿ ಸರ. ಹೊಡಿಯೋದಷ್ಟ ನಮ್ಮದು."
"ನಾಳೆ ಒಂದು ಹಿಡಿ ತಾ. ಬಾಯಿಗಿ ಮುಟ್ಟಸಬ್ಯಾಡ."

ಮರುದಿನ ಪೇಪರಿನ ಪೊಟ್ಟಣದಲ್ಲಿ ಹರಳು ಬಂತು.
ಪೈಗಂಬರ ತಂದ ಎರಡು ಸೆಲ್ಲು, ರಾತ್ರಿ ಮೂರು ಫೇಜ್ ಬಂದಾಗ
ನೀರು ಹಾಯಿಸಲು ಅವನಪ್ಪ ಒಯ್ಯುವ ಬ್ಯಾಟರಿಯೊಳಗಿನವು.
ಒಂದು ಗಾಜಿನ ಭರಣಿ, ಎಷ್ಟು ತೊಳೆದರೂ ಮಾವಿನಕಾಯಿ ವಾಸನೆ.
ಎರಡೂ ಕಡೆ ಚೂಪು ಮಾಡಿದ ಪೆನ್ಸಿಲ್ಲು.

ಧನಾಗ್ರ ಆನೋಡು, ಋಣಾಗ್ರ ಕ್ಯಾಥೋಡು.
ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದೆ,
ಪರೀಕ್ಷೆಯಲ್ಲಿ ಅದಲು ಬದಲು ಬರೆದು
ಎರಡು ಅಂಕ ಕಳಕೊಂಡಿದ್ದೆ.

ಅಮೋಘಿ ಅವಸರದವ.
ತಮ್ಮ ಮಣೂಕದ ಶೆಡ್ಡಿನ ಕೀಲಿಯನ್ನು ತಂತಿಗೆ ಕಟ್ಟಿ
ನೀಲಿ ನೀರಿಗೆ ಬಿಟ್ಟ. ಕೀಲಿ ಕೆಂಪಾಯಿತು.
ಚಪ್ಪಾಳೆ.
ಚಪ್ಪಾಳೆ ಮುಗಿದ ಮೇಲೆ ಅವನೇ ಅಂದ,
"ಸರ, ಸೆಲ್ಲ ಇನ್ನಾ ಹಚ್ಚೇ ಇಲ್ಲಲ್ರಿ."

ಸರ್ ಮಾತಾಡಲಿಲ್ಲ.
ಕೀಲಿ ಎತ್ತಿ ಬಟ್ಟೆಯಿಂದ ಒರೆಸಿದರು,
ಕೆಂಪೆಲ್ಲ ಬಟ್ಟೆಗೆ ಹತ್ತಿ ಬಂತು.
"ಇದು ಬ್ಯಾರೆ ಪಾಠ" ಅಂದರು ಆಮೇಲೆ.
"ಕಬ್ಬಿಣ ತಾನ ನೀರಿಗಿಳೀತು, ತಾಮ್ರ ಆ ಜಾಗಾ ಹಿಡೀತು.
ಬಸ್ಸಿನ್ಯಾಗ ಒಬ್ರು ಇಳದ್ರ ಇನ್ನೊಬ್ರು ಕುಂದರತಾರ,
ಯಾರರ ದೂಡಬೇಕೇನು?
ಕಾಲುವಿ ನೀರು ಇಳಿಯಾಕ ಕರೆಂಟ್ ಬ್ಯಾಡ.
ಬೋರಿನ ನೀರು ಏರಾಕ ಬೇಕು.
ನಾವು ಇವತ್ತ ನೋಡೋದು, ತಾನಾಗಿ ಆಗದ್ದು."

ನನ್ನ ಬುತ್ತಿಯ ಸ್ಟೀಲ್ ಚಮಚ ಋಣದ ತಂತಿಗೆ,
ಪೆನ್ಸಿಲ್ಲು ಧನದ ತಂತಿಗೆ.
ಈಗ ಸೆಲ್ಲು.
ಸೀಸದ ತುದಿಗೆ ಗುಳ್ಳೆ, ಸಾಸಿವೆಗಿಂತ ಸಣ್ಣವು.
ಚಮಚಕ್ಕೆ ಮೊದಲು ಸಂಶಯದಂಥ ಬಣ್ಣ,
ಆಮೇಲೆ ಸಂಶಯವಿಲ್ಲದ ಬಣ್ಣ.
ಎರಡು ದಿನ ಬಿಟ್ಟು ನೋಡಿದರೆ ನೀರು ಬಿಳಿಚಿತ್ತು,
ಜ್ವರ ಬಂದು ಎದ್ದವರ ಮುಖದ ಹಾಗೆ.

ಪೆನ್ಸಿಲ್ ತೆಗೆದು ತಾಮ್ರದ ತಂತಿ ಇಟ್ಟರು, ಹೊಸ ನೀರು, ಹೊಸ ಸೆಲ್ಲು.
ಮತ್ತೆ ಎರಡು ದಿನ.
ನೀಲಿ ಹಾಗೇ ಇತ್ತು!
ತಂತಿ ಮಾತ್ರ ಇಲಿ ಕಡಿದಂತೆ ಸಣ್ಣಗಾಗಿತ್ತು.
"ಯಾಕ?" ಅಂದರು ಸರ್, ಉತ್ತರ ಹೇಳದೆ ಗಂಟೆ ಹೊಡೆಸಿದರು.

ಮನೆಯಲ್ಲಿ ಅವ್ವ ಬಚ್ಚಲಲ್ಲಿ ಕೂತು
ಅಪ್ಪನ ಅಂಗಿಯ ನೀಲಿ ಕಲೆ ತಿಕ್ಕುತ್ತಿದ್ದಳು.
"ಚಮಚ ಎಲ್ಲ್ಯದ?"
"ಋಣದ ತುದಿಗಿ ಕಟ್ಯಾರ."
ಅವಳು ತಲೆ ಎತ್ತಲಿಲ್ಲ.
"ಹೋಗ್ಲಿ ಬಿಡು. ಋಣ ಇದ್ದಲ್ಲಿಗೇ ಎಲ್ಲಾ ಹೋಗೋದು.
ಹೋದಷ್ಟು ಇನ್ನೊಂದು ಕಡಿಂದ ಬರಬೇಕು ನೋಡು,
ಇಲ್ಲಂದ್ರ ನಡಕಿನಾಂವ ಸೊರಗತಾನ."

ಸೋಪಿನ ನೀರು ಮೋರಿಗೆ ಇಳಿಯುತ್ತಿತ್ತು.
ನಾನು ಅಲ್ಲೇ ನಿಂತೆ.
ತಂತಿ ಕರಗಿದಷ್ಟೇ ಚಮಚಕ್ಕೆ ಹತ್ತಿದ್ದು,
ನಡುವಿನ ನೀಲಿ ಬರೀ ದಾರಿ,
ಪೆನ್ಸಿಲ್ಲಿಗೆ ಕೊಡಲು ತಾಮ್ರ ಇರಲಿಲ್ಲ,
ಅದಕ್ಕೇ ಆಗ ನೀರೇ ತನ್ನದನ್ನು ಕೊಟ್ಟು ಬಿಳಿಚಿತು.
ಅವತ್ತಿನಿಂದ ಯಾವ ತುದಿ ಯಾವುದೆಂದು ನಾನು ತಪ್ಪಿಲ್ಲ.

ಚಮಚ ಮತ್ತೆ ಬುತ್ತಿಗೆ ಬರಲಿಲ್ಲ.
ಅಪ್ಪ ಅದನ್ನು ಮೈಲುತುತ್ತದ ಡಬ್ಬಿಯಲ್ಲಿಟ್ಟ, ಅಳೆಯಲು.
ಹಿಡಿಕೆ ಈಗಲೂ ಬೆಳ್ಳಗೆ.
ನೀರು ಎಲ್ಲಿತನಕ ಇತ್ತೋ
ಅಲ್ಲೊಂದು ಗೆರೆ,
ಗೆರೆಯ ಕೆಳಗೆ ಕೆಂಪು.